ಅಂಗಡಿಯಲ್ಲಿ ಬಾರದ ಸಿಟ್ಟು ಮನೆಯಲ್ಲೇ ಯಾಕೆ ಬರುತ್ತದೆ?

ಪ್ರಶ್ನೆ ಕೇಳಿದವರು: ಪೈಪಂಗಡಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 41. ಅಪ್ಪನ ಕಾಲದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿ ಈಗ ಕೂತಿದ್ದೇನೆ, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಹೋದ ಗುರುವಾರ ರಾತ್ರಿ ನನ್ನ ಮಗನ ಗಣಿತದ ನೋಟ್‌ಬುಕ್ ಹರಿದು ಹಾಕಿದೆ. ಅವನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಭಾಗಾಕಾರದ ಲೆಕ್ಕ. 612ನ್ನು 6ರಿಂದ ಭಾಗಿಸಿದರೆ 102 ಬರಬೇಕು, ಅವನು ನಡುವಿನ ಸೊನ್ನೆ ಬಿಟ್ಟು 12 ಅಂತ ಬರೆಯುತ್ತಿದ್ದ. ಮೂರು ಸಲ ಹೇಳಿಕೊಟ್ಟೆ. ನಾಲ್ಕನೇ ಸಲವೂ ಅದೇ 12. ಆಮೇಲೆ ನಾನು ಏನು ಕೂಗಿದೆ ಅಂತ ಪೂರ್ತಿ ನೆನಪಿಲ್ಲ. ನೋಡಿದರೆ ಪುಸ್ತಕ ನನ್ನ ಕೈಯಲ್ಲಿ ಎರಡು ಹೋಳಾಗಿತ್ತು. ಮಗ ಅಳಲಿಲ್ಲ. ಹಾಳೆ ಆರಿಸಿಕೊಂಡು ಒಳಗೆ ಹೋದ. ನಾಲ್ಕು ವರ್ಷದ ಮಗಳು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು.

ಬೆಳಿಗ್ಗೆ ಅವನ ಬ್ಯಾಗಿನಲ್ಲಿ ಪೆನ್ನು ಹುಡುಕುವಾಗ ಆ ಪುಸ್ತಕ ಸಿಕ್ಕಿತು. ಒಂದೊಂದೇ ಹಾಳೆಗೆ ಸೆಲೋ ಟೇಪ್ ಹಚ್ಚಿ ಅಂಟಿಸಿದ್ದಾನೆ. ಯಾವಾಗ ಎದ್ದು ಅಂಟಿಸಿದನೋ ಗೊತ್ತಿಲ್ಲ. ಕೆಲವು ಕಡೆ ಸಾಲು ಸರಿಯಾಗಿ ಕೂಡಿಲ್ಲ, ಅಂಕಿಯ ಅರ್ಧ ಮೇಲೆ, ಅರ್ಧ ಕೆಳಗೆ. ಅಂಗಡಿ ತೆಗೆಯಲು ಅವತ್ತು ಒಂದು ಗಂಟೆ ತಡವಾಯಿತು ನನಗೆ.

ಈಗ ನನ್ನನ್ನು ಕಾಡುತ್ತಿರುವ ವಿಷಯ ಬೇರೆ. ಅದೇ ಗುರುವಾರ ಮಧ್ಯಾಹ್ನ ಒಬ್ಬ ಕಾಂಟ್ರಾಕ್ಟರ್ ಅಂಗಡಿಗೆ ಬಂದಿದ್ದರು. ನನಗೆ 1,80,000 ಕೊಡಬೇಕು, ಹದಿನಾಲ್ಕು ತಿಂಗಳಾಯಿತು. ಹೊಸ ಕಾರಿನಲ್ಲಿ ಬಂದರು, ಇನ್ನೂ 6,000ದ ಪೈಪು ಫಿಟ್ಟಿಂಗ್ಸ್ ಉದ್ರಿ ಬರೆಸಿ ಒಯ್ದರು. ನಾನು ನಗುತ್ತಾ ಚಹಾ ತರಿಸಿ ಕೊಟ್ಟೆ. 'ಆಗ್ಲಿ ಸರ್, ನಿಧಾನಕ್ಕೆ ಕೊಡಿ' ಅಂದೆ. ಸಿಟ್ಟು ಬರಲೇ ಇಲ್ಲ, ಅಥವಾ ಬಂದದ್ದು ನನಗೆ ತಿಳಿಯಲಿಲ್ಲ. ಲಕ್ಷಾಂತರ ರೂಪಾಯಿ ಮುಳುಗಿಸುತ್ತಿರುವವರಿಗೆ ಚಹಾ, ಒಂದು ಸೊನ್ನೆ ಬಿಟ್ಟ ಮಗುವಿಗೆ ಆ ಕೂಗು. ಇದು ಯಾವ ನ್ಯಾಯ ಅಂತ ನನಗೇ ಅರ್ಥವಾಗುತ್ತಿಲ್ಲ.

ಕುಡಿಯುವುದಿಲ್ಲ. ಹೆಂಡತಿ ಮೇಲೆ ಕೈ ಎತ್ತಿಲ್ಲ. ಮಗನಿಗೆ ಎರಡು ಸಲ ಬೆನ್ನಿಗೆ ಹೊಡೆದಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಬೈಕಿನ ಸದ್ದು ಕೇಳಿದ ಕೂಡಲೇ ಮನೆಯಲ್ಲಿ ಟಿವಿ ಸದ್ದು ಸಣ್ಣದಾಗುತ್ತದೆ. ಇಷ್ಟು ದಿನ ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ನಮ್ಮಪ್ಪನಿಗೂ ಹೀಗೇ ಇತ್ತು. 'ನಮ್ಮ ಮನೆತನದ ಸಿಟ್ಟು' ಅಂತ ಅಮ್ಮ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಹತ್ತರವರೆಗೆ ಎಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಎಣಿಸಬೇಕು ಅಂತ ನೆನಪಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದು ಹುಟ್ಟುಗುಣವೋ, ಕಾಯಿಲೆಯೋ? ನಲವತ್ತು ದಾಟಿದ ಮೇಲೆ ಬದಲಾಗುತ್ತದಾ? ಬದಲಾದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಕಬ್ಬಿಣದ ಕೈ

ಸರ್, ಸಿಟ್ಟು ಒಳಗೆ ತಡೆದಿಟ್ಟರೆ ಪ್ರೆಶರ್ ಕುಕ್ಕರ್ ಇದ್ದ ಹಾಗೆ, ಎಲ್ಲಾದರೂ ಒಂದು ಕಡೆ ಸಿಡಿಯುತ್ತದೆ. ಹೊರಗೆ ಹಾಕಲೇಬೇಕು. ನಾನು ಜಿಮ್‌ನಲ್ಲಿ ಪಂಚಿಂಗ್ ಬ್ಯಾಗ್‌ಗೆ ಹದಿನೈದು ನಿಮಿಷ ಹೊಡೆಯುತ್ತೇನೆ. ಬೈದವರ ಮುಖ ನೆನೆಸಿಕೊಂಡು ಹೊಡೆದರೆ ಹಗುರ ಆಗುತ್ತದೆ. ಜಿಮ್ ಆಗದಿದ್ದರೆ ಮನೆಯಲ್ಲಿ ಒಂದು ರೂಮಿನ ಬಾಗಿಲು ಹಾಕಿಕೊಂಡು ದಿಂಬಿಗೆ ಹೊಡೆಯಿರಿ. ಮಗುವಿನ ಮೇಲೆ ಹೋಗುವುದಕ್ಕಿಂತ ದಿಂಬಿನ ಮೇಲೆ ಹೋಗುವುದು ಒಳ್ಳೆಯದು ಅಲ್ವಾ?

ಉತ್ತರ: ರಾತ್ರಿ ಬಸ್ಸು

ತಮ್ಮಾ, ನಾನು 29 ವರ್ಷ ಬಸ್ ಓಡಿಸಿ ನಿವೃತ್ತಿಯಾದವನು. ಅದರಲ್ಲಿ ಹನ್ನೊಂದು ವರ್ಷ ಹುಬ್ಬಳ್ಳಿ ಬೆಂಗಳೂರು ರಾತ್ರಿ ಗಾಡಿ. ನಿಮ್ಮ ದಾವಣಗೆರೆ ದಾಟುವಾಗ ಊರೆಲ್ಲ ಮಲಗಿರುತ್ತಿತ್ತು.

ರಸ್ತೆ ಮೇಲೆ ನನಗೆ ಬರುತ್ತಿದ್ದ ಸಿಟ್ಟು ನೀನು ಹೇಳುವುದಕ್ಕಿಂತ ಕಡಿಮೆಯದ್ದಲ್ಲ. ಒಂದು ರಾತ್ರಿ ಹಿರಿಯೂರಿನ ಹತ್ತಿರ ಒಬ್ಬ ಕಾರಿನವನು ಎಡದಿಂದ ನುಗ್ಗಿ ನನ್ನ ಮುಂದೆ ಬಂದು ಬ್ರೇಕ್ ಒತ್ತಿದ. ಬಸ್ಸು ಪೂರ್ತಿ ಅಲುಗಾಡಿತು. ನಾನು ಅವನನ್ನು ಬಿಡಲಿಲ್ಲ. ಹೈ ಬೀಮ್ ಹಾಕಿ, ಹಾರ್ನ್ ಒತ್ತಿಕೊಂಡೇ ನಾಲ್ಕೈದು ಕಿಲೋಮೀಟರ್ ಬೆನ್ನು ಹತ್ತಿದೆ. ಅವನನ್ನು ನಿಲ್ಲಿಸಿ ಇಳಿಸಬೇಕು ಅನ್ನೋದು ಒಂದೇ ತಲೆಯಲ್ಲಿತ್ತು. ಆಗ ನನ್ನ ಹಿಂದಿನ ಸೀಟಿನಲ್ಲಿದ್ದ ಒಬ್ಬ ಮುದುಕಿ ಮುಂದೆ ಬಗ್ಗಿ ಹೇಳಿದಳು, 'ತಮ್ಮಾ, ಅಂವ ಒಬ್ಬ ಅದಾನ. ನಾವು ನಲವತ್ತು ಮಂದಿ ಅದೀವಿ.' ಅಷ್ಟೇ ಹೇಳಿದ್ದು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್‌ನಿಂದ ಮೇಲೆ ಬಂತು. ನನ್ನ ಹಿಂದೆ ಅಷ್ಟು ಜನ ಮಲಗಿದ್ದಾರೆ ಅನ್ನೋದೇ ನನಗೆ ಮರೆತುಹೋಗಿತ್ತು ನೋಡು.

ಅವತ್ತಿನಿಂದ ಕಲಿತದ್ದು ಹೇಳುತ್ತೇನೆ. ಸಿಟ್ಟು ಬಂದಾಗ ಕಣ್ಣಿಗೆ ಒಂದೇ ಗಾಡಿ ಕಾಣುತ್ತದೆ. ಉಳಿದ ರಸ್ತೆ ಕಾಣುವುದಿಲ್ಲ. ಹಾಗಾಗಿ ನಾನು ಬೇಕಂತಲೇ ಕಣ್ಣು ಬೇರೆ ಕಡೆ ತಿರುಗಿಸುವುದನ್ನು ರೂಢಿ ಮಾಡಿಕೊಂಡೆ. ಎಡಗನ್ನಡಿ, ಬಲಗನ್ನಡಿ, ಒಳಗಿನ ಕನ್ನಡಿ. ಮೂರೂ ನೋಡುವಷ್ಟರಲ್ಲಿ ಕೈ ಸಡಿಲವಾಗುತ್ತಿತ್ತು. ನೀನು ಮನೆಯಲ್ಲಿ ಮಗನ ಪುಸ್ತಕ ಬಿಟ್ಟು ಸುತ್ತ ನೋಡು. ಬಾಗಿಲ ಹಿಂದೆ ಮಗಳು ನಿಂತಿದ್ದು ಆಮೇಲೆ ಕಂಡಿತು ಅಲ್ಲವಾ, ಅದು ಮೊದಲೇ ಕಾಣಬೇಕು.

ಇನ್ನೊಂದು. ದೂರದ ಓಟ ಮುಗಿಸಿ ನಿಲ್ಲಿಸಿದ ಗಾಡಿಯ ರೇಡಿಯೇಟರ್ ಮುಚ್ಚಳ ಯಾರೂ ಕೂಡಲೇ ತೆಗೆಯುವುದಿಲ್ಲ. ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಸ್ವಲ್ಪ ಹೊತ್ತು ಆರಲು ಬಿಡಬೇಕು. ನಾನು ಡ್ಯೂಟಿ ಮುಗಿದ ಮೇಲೆ ಡಿಪೋದ ಬೇವಿನ ಮರದ ಕೆಳಗೆ ಹದಿನೈದು ನಿಮಿಷ ಕೂರುತ್ತಿದ್ದೆ. ಕೈ ಕಾಲು ಮುಖ ತೊಳೆದು, ಸುಮ್ನೆ. ಯಾರ ಜೊತೆಗೂ ಡ್ಯೂಟಿಯ ಮಾತು ಆಡುತ್ತಿರಲಿಲ್ಲ. ನೀನು ಅಂಗಡಿ ಶಟರ್ ಎಳೆದು ನೇರ ಮನೆಗೆ ಹೋಗಿ ಲೆಕ್ಕ ಹೇಳಿಕೊಡಲು ಕೂರಬೇಡ. ಅದು ಬಿಸಿ ಎಂಜಿನ್‌ನ ಮುಚ್ಚಳ ತೆಗೆದ ಹಾಗೆ.

ಬದಲಾಗುತ್ತದಾ ಅಂತ ಕೇಳಿದ್ದೀಯ. ನನಗೆ ಆಗ 46.

ಉತ್ತರ: ಮಾತಿನ ಕೋಣೆ

ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಮೊದಲು ಕಬ್ಬಿಣದ ಕೈ ಅವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ದಿಂಬಿಗೆ ಹೊಡೆಯುವ ಸಲಹೆಯನ್ನು ತುಂಬಾ ಜನ ಕೊಡುತ್ತಾರೆ, ಆದರೆ ಅದು ಕೆಲಸ ಮಾಡುವುದಿಲ್ಲ. ಬ್ರಾಡ್ ಬುಶ್ಮನ್ ಅನ್ನುವ ಅಮೆರಿಕದ ಸಂಶೋಧಕರು 2002ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಸಿಟ್ಟು ಬರಿಸಿದವರನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಹೊಡೆದವರ ಸಿಟ್ಟು ಜಾಸ್ತಿಯೇ ಆಯಿತು. ಏನೂ ಮಾಡದೆ ಸುಮ್ಮನೆ ಕೂತವರಿಗೇ ಅವರಿಗಿಂತ ಕಡಿಮೆ ಸಿಟ್ಟಿತ್ತು. 2024ರಲ್ಲಿ ಅದೇ ಬುಶ್ಮನ್ ಮತ್ತು ಸೋಫಿ ಕ್ಯಾರ್ವಿಕ್ ಸೇರಿ 154 ಅಧ್ಯಯನಗಳನ್ನು, ಅಂದರೆ 10,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ಮೈಯ ಬಿಸಿ ಇಳಿಸುವ ಕೆಲಸಗಳು, ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವುದು, ಯೋಗ, ಇವು ಸಿಟ್ಟು ಕಡಿಮೆ ಮಾಡಿದವು. ಮೈ ಬಿಸಿ ಏರಿಸುವ ಕೆಲಸಗಳಿಂದ ಒಟ್ಟಾರೆ ಲಾಭ ಕಾಣಲಿಲ್ಲ. ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ, ಖಂಡಿತ ಮಾಡಿ. ಆದರೆ ಅದನ್ನು ಸಿಟ್ಟಿನ ಔಷಧಿ ಅಂದುಕೊಳ್ಳಬೇಡಿ. ಹೊಡೆದು ಹೊಡೆದು ಮನಸ್ಸು ಹೊಡೆಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ.

ಈಗ ಪೈಪಂಗಡಿ ಅವರ ಪ್ರಶ್ನೆ. ಮಿದುಳಿನಲ್ಲಿ ಅಮಿಗ್ಡಲ ಅನ್ನುವ ಬಾದಾಮಿ ಗಾತ್ರದ ಭಾಗ ಇದೆ. ಅಪಾಯ ಅನಿಸಿದ್ದನ್ನು ಮೊದಲು ಗುರುತಿಸುವ ಭಾಗಗಳಲ್ಲಿ ಅದೊಂದು. ಅಲ್ಲಿಂದ ಸುದ್ದಿ ಹೋದ ಕೂಡಲೇ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಮೇಲ್ಮೇಲೆ ಆಗುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಹಣೆಯ ಹಿಂದೆ ಇರುವ, ತೂಕ ಮಾಡಿ ಯೋಚಿಸುವ ಭಾಗದ ಹಿಡಿತ ಆ ಹೊತ್ತಿಗೆ ಸಡಿಲವಾಗುತ್ತದೆ. ಎಣಿಸಬೇಕು ಅನ್ನುವುದು ನಿಮಗೆ ತಡವಾಗಿ ನೆನಪಾಗುವುದು ಅದಕ್ಕೇ. ನೀವು ಕೆಟ್ಟವರು ಅಂತಲ್ಲ, ನೆನಪಿಸಬೇಕಾದ ಭಾಗವೇ ಆಗ ಹಿಂದೆ ಬಿದ್ದಿರುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಕಾಂಟ್ರಾಕ್ಟರ್ ಎದುರು ನಿಮ್ಮ ಹಿಡಿತ ತಪ್ಪಲಿಲ್ಲ. ಅವರು ನಿಮಗಿಂತ ಬಲವಿದ್ದವರು, ಗಿರಾಕಿ ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯ ಇತ್ತು. ಮಗು ಎಲ್ಲಿಗೂ ಹೋಗುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. ಸಿಟ್ಟು ನೀರಿನ ಹಾಗೆ ತಗ್ಗಿನ ಕಡೆಗೆ ಹರಿಯುತ್ತದೆ. ಹಿಡಿತ ನಿಮ್ಮಲ್ಲಿ ಇದೆ, ಮನೆಯ ಹೊಸಿಲು ದಾಟುವಾಗ ನೀವು ಅದನ್ನು ಬಿಟ್ಟು ಬರುತ್ತಿದ್ದೀರಿ. ಇದು ಕಹಿ ಮಾತು, ಆದರೆ ನಿಮ್ಮ ಪ್ರಶ್ನೆಯ ಉತ್ತರ ಇದರಲ್ಲೇ ಇದೆ. ಇಲ್ಲದ ಶಕ್ತಿಯನ್ನು ಹೊಸದಾಗಿ ತರಬೇಕಾಗಿಲ್ಲ, ಇರುವುದನ್ನು ಒಳಗೂ ತರಬೇಕು.

ಇನ್ನೊಂದು ವಿಷಯ ನಿಮಗೆ ತುಂಬಾ ಹೊಂದುತ್ತದೆ. ಡಾಲ್ಫ್ ಝಿಲ್ಮನ್ ಅನ್ನುವ ಸಂಶೋಧಕರು 1970ರ ದಶಕದಲ್ಲಿ ತೋರಿಸಿಕೊಟ್ಟದ್ದು. ಒಂದು ಘಟನೆಯಿಂದ ಏರಿದ ಮೈಬಿಸಿ ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಘಟನೆ ನಡೆದರೆ, ಹಳೆಯ ಬಿಸಿಯೂ ಹೊಸದರ ಮೇಲೆ ಕೂಡುತ್ತದೆ. ನಮಗೆ ಮಾತ್ರ ಪೂರ್ತಿ ಸಿಟ್ಟು ಎರಡನೆಯದರಿಂದಲೇ ಬಂತು ಅನಿಸುತ್ತದೆ. ಕಾಂಟ್ರಾಕ್ಟರು, ಸಂಜೆಯ ಟ್ರಾಫಿಕ್ಕು, ಖಾಲಿ ಹೊಟ್ಟೆ, ಇವೆಲ್ಲ ಸೇರಿ ಆ ಸೊನ್ನೆಯ ಮೇಲೆ ಬಿದ್ದವು. ರಾತ್ರಿ ಬಸ್ಸು ಅವರು ಹೇಳಿದ ಹದಿನೈದು ನಿಮಿಷ ಯಾಕೆ ಕೆಲಸ ಮಾಡುತ್ತದೆ ಅಂತ ಈಗ ಗೊತ್ತಾಯಿತು ಅಲ್ವಾ?

ಮಾಡಬೇಕಾದ್ದು. ಎರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ. ಸಿಟ್ಟು ಬಂದ ಸಮಯ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು, ಊಟ ಯಾವಾಗ ಮಾಡಿದ್ದು, ರಾತ್ರಿ ನಿದ್ದೆ ಎಷ್ಟು. ಮುಖ್ಯವಾಗಿ, ಆ ಹೊತ್ತಿಗೆ ಮನಸ್ಸು ಏನು ಹೇಳುತ್ತಿತ್ತು ಅಂತ. 'ಬೇಕಂತಲೇ ಮಾಡ್ತಿದ್ದಾನೆ' ಅನ್ನುವ ಮಾತು ಎಷ್ಟು ಸಲ ಬರುತ್ತದೆ ಎಣಿಸಿ. ಭಾಗಲಬ್ಧದಲ್ಲಿ ಸೊನ್ನೆ ಬಿಡುವುದು ಆ ವಯಸ್ಸಿನ ಮಕ್ಕಳು ಮಾಡುವ ತೀರಾ ಸಾಮಾನ್ಯ ತಪ್ಪು. ಹೆದರಿದಾಗ ಆ ತಪ್ಪು ಇನ್ನೂ ಜಾಸ್ತಿ, ಯಾಕೆಂದರೆ ಲೆಕ್ಕದ ಹಂತಗಳನ್ನು ತಲೆಯಲ್ಲಿ ಹಿಡಿದಿಡುವ ಜಾಗವನ್ನು ಭಯ ಆಕ್ರಮಿಸಿಕೊಂಡಿರುತ್ತದೆ. ನಾಲ್ಕನೇ ಸಲ ನೀವು ಕೇಳಿದಾಗ ಅವನು ನಿಮ್ಮ ಮುಖ ಓದುತ್ತಿದ್ದ, ಲೆಕ್ಕವನ್ನಲ್ಲ.

ಹಾಗೆಯೇ ಮೈಯ ಮೊದಲ ಗುರುತು ಹುಡುಕಿ. ಕೆಲವರಿಗೆ ಹಲ್ಲು ಕಚ್ಚುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರ ದನಿ ಮೊದಲು ತಗ್ಗುತ್ತದೆ. ಅದು ಕಂಡ ಕೂಡಲೇ ಎದ್ದು ಹೋಗಿ, ಆದರೆ ಹೇಳಿ ಹೋಗಿ. 'ನೀರು ಕುಡಿದು ಬರ್ತೀನಿ' ಅಂದರೆ ಸಾಕು. ಉಸಿರು ಎಳೆದುಕೊಳ್ಳುವಾಗ ನಾಲ್ಕು, ಬಿಡುವಾಗ ಆರು ಎಣಿಸಿ. ಬಿಡುವ ಉಸಿರು ಉದ್ದವಾದಷ್ಟೂ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಇಳಿಯುತ್ತದೆ. ಇದನ್ನು ಸಿಟ್ಟು ಇಲ್ಲದಾಗ, ದಿನಾ ಬೆಳಿಗ್ಗೆ ಐದು ನಿಮಿಷ ಅಭ್ಯಾಸ ಮಾಡಬೇಕು. ಪ್ರವಾಹ ಬಂದ ದಿನ ಈಜು ಕಲಿಯಲು ಆಗುವುದಿಲ್ಲ.

ಒಮ್ಮೆ ಡಾಕ್ಟರ್ ಹತ್ತಿರವೂ ಹೋಗಿ. ಬಿಪಿ, ಶುಗರ್, ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಸಿಡುಕು ಬರುತ್ತದೆ. ಗೊರಕೆ, ಸರಿಯಿಲ್ಲದ ನಿದ್ದೆ ಇದ್ದರೆ ಅದನ್ನೂ ಹೇಳಿ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಡುಕಾಗಿ ಬರುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಜೋರು ಸಿಟ್ಟು ಬಂದ ನಂತರದ ಎರಡು ಗಂಟೆ ಹೃದಯಾಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಹೆದರಿಸಲು ಹೇಳುತ್ತಿಲ್ಲ, ನಿಮ್ಮ ಮೈಯ ಬಗ್ಗೆಯೂ ನನಗೆ ಕಾಳಜಿ ಇದೆ.

ಮಾತಾಡಲು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ, 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ, ಇಂತಹ ವಿಷಯಕ್ಕೂ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಇರುತ್ತಾರೆ.

ಮತ್ತು ಹೊಡೆಯುವುದು ಇವತ್ತಿಗೆ ನಿಲ್ಲಬೇಕು. ಇದಕ್ಕೆ ಮಾತ್ರ ಎರಡು ವಾರದ ಗಡುವು ಇಲ್ಲ.

ಉತ್ತರ: ಕಬ್ಬಿಣದ ಕೈ

ಮೇಡಂ, ಬೇಜಾರಿಲ್ಲ, ಇದು ನನಗೆ ಗೊತ್ತಿರಲಿಲ್ಲ. ಹಗುರ ಆಗುತ್ತದೆ ಅಂದಿದ್ದೆ. ಈಗ ಯೋಚಿಸಿದರೆ ಹೊಡೆದು ಮನೆಗೆ ಹೋದ ಮೇಲೂ ಅದೇ ಮುಖ ತಲೆಯಲ್ಲಿ ತಿರುಗುತ್ತಿರುತ್ತದೆ. ಕೈ ಸೋತಿರುತ್ತದೆ, ತಲೆ ಸೋತಿರುವುದಿಲ್ಲ. ನಾನೂ ಆ ಉಸಿರಾಟ ಮಾಡಿ ನೋಡುತ್ತೇನೆ.

ಉತ್ತರ: ಹರಿಹರದ ಹುಡುಗಿ

ಅಣ್ಣ, ನಾನು ನಿಮ್ಮ ಪಕ್ಕದ ಊರಿನವಳು, ಹರಿಹರ. ಈಗ 34. ನಾನು ಆ ಬಾಗಿಲ ಹಿಂದೆ ನಿಂತವಳು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಒಳ್ಳೆಯವರು. ಫೀಸು, ಬಟ್ಟೆ, ಪುಸ್ತಕ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಸಿಟ್ಟು ಮಾತ್ರ ಯಾವಾಗ ಬರುತ್ತದೆ ಗೊತ್ತಾಗುತ್ತಿರಲಿಲ್ಲ. ನಾನು ಮತ್ತು ನನ್ನಣ್ಣ ಚಪ್ಪಲಿ ಬಿಡುವ ಸದ್ದಿನ ಮೇಲೆ ಹೇಳುತ್ತಿದ್ದೆವು, ಇವತ್ತು ಹೇಗಿದೆ ಅಂತ. ಒಂದು ಚಪ್ಪಲಿ ಬಿದ್ದು ಸ್ವಲ್ಪ ತಡೆದು ಇನ್ನೊಂದು ಬಿದ್ದರೆ ಪರವಾಗಿಲ್ಲ. ಎರಡೂ ಒಟ್ಟಿಗೆ ಬಿದ್ದರೆ ಪುಸ್ತಕ ಹಿಡಿದು ಕೂರಬೇಕು. ಟಿವಿ ಸದ್ದು ಸಣ್ಣದಾಗುವುದರ ಬಗ್ಗೆ ನೀವು ಬರೆದದ್ದು ಓದಿ ನನಗೆ ಆ ಚಪ್ಪಲಿಯ ಸದ್ದು ಕೇಳಿಸಿತು.

ಕೂಗಾಡಿದ ಮಾರನೇ ಸಂಜೆ ಅಪ್ಪ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಪೇಪರಿನಲ್ಲಿ ಎಣ್ಣೆ ಒಸರುತ್ತಿರುತ್ತಿತ್ತು. ಅದು ಅವರ ಕ್ಷಮೆ ಅಂತ ನಮಗೆ ಗೊತ್ತಿತ್ತು. ತಿನ್ನುತ್ತಿದ್ದೆವು, ನಗುತ್ತಿದ್ದೆವು. ಆದರೆ ತಪ್ಪು ಯಾರದ್ದು ಅಂತ ಯಾರೂ ಹೇಳದೇ ಇದ್ದದ್ದರಿಂದ, ತಪ್ಪು ನನ್ನದೇ, ಅಪ್ಪ ದೊಡ್ಡ ಮನಸ್ಸಿನಿಂದ ಬಿಟ್ಟರು ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ. ಈಗಲೂ ಆಫೀಸಿನಲ್ಲಿ ಯಾರಾದರೂ ದನಿ ಸ್ವಲ್ಪ ಏರಿಸಿದರೆ ನನ್ನ ಹೊಟ್ಟೆ ಕಲಸುತ್ತದೆ. ನನ್ನ ಗಂಡ ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ 'ಸಿಟ್ಟಾ?' ಅಂತ ಕೇಳುತ್ತೇನೆ. ಪಾಪ, ಅವರು ಗಾಳಿಗೆ ಬೈಯುತ್ತಾರೆ.

ಅಪ್ಪನಿಗೆ ಈಗ 71. ಮೆತ್ತಗಾಗಿದ್ದಾರೆ. ನನ್ನ ಮಗಳು ಅವರ ಹೆಗಲ ಮೇಲೆ ಕೂತು ಕೂದಲು ಎಳೆಯುತ್ತಾಳೆ, ನಗುತ್ತಾರೆ. ನೋಡಿ ಸಂತೋಷವಾಗುತ್ತದೆ. ಎದೆಯಲ್ಲಿ ಏನೋ ಚುಚ್ಚುತ್ತದೆ ಕೂಡ.

ಹಾಗಾಗಿ ಮಂಡಕ್ಕಿ ತರಬೇಡಿ ಅಣ್ಣ. ಅಂದರೆ ತನ್ನಿ, ಬೇರೆ ದಿನ ತನ್ನಿ. ಮೊದಲು ಬಾಯಿ ಬಿಟ್ಟು ಹೇಳಿ, 'ನಾನು ಪುಸ್ತಕ ಹರಿದದ್ದು ತಪ್ಪು, ನಿಂದೇನೂ ತಪ್ಪಿಲ್ಲ' ಅಂತ. 'ಆದರೆ ನೀನೂ ಸರಿಯಾಗಿ ಓದಬೇಕು' ಅಂತ ಬಾಲ ಸೇರಿಸಬೇಡಿ, ಸೇರಿಸಿದರೆ ಅವನ ಕಿವಿಗೆ ಬಾಲ ಮಾತ್ರ ಬೀಳುತ್ತದೆ. ಅವನು ಏನೂ ಉತ್ತರ ಕೊಡದಿದ್ದರೆ ಒತ್ತಾಯ ಮಾಡಬೇಡಿ. ಮಗಳಿಗೂ ಹೇಳಿ, ಚಿಕ್ಕವಳು ಅಂತ ಬಿಡಬೇಡಿ.

ಇನ್ನೊಂದು ಕೇಳಲೇಬೇಕು. ಇಷ್ಟುದ್ದ ಬರೆದಿದ್ದೀರಿ, ಅತ್ತಿಗೆ ಒಂದು ಮಾತೂ ಆಡಿಲ್ಲ ಅದರಲ್ಲಿ. ಅವರ ಮೇಲೆ ಕೈ ಎತ್ತಿಲ್ಲ ಅಂತ ಮಾತ್ರ ಇದೆ. ಅವರು ಏನು ಹೇಳುತ್ತಾರೆ?

ಉತ್ತರ: ಉದ್ರಿ ಖಾತೆ

ನಾನೂ ವ್ಯಾಪಾರಿ, ರಾಣೆಬೆನ್ನೂರು. ಎಲ್ಲರೂ ಮನೆಯ ಸಿಟ್ಟಿನ ಬಗ್ಗೆ ಹೇಳಿದರು, ನಾನು ಅಂಗಡಿಯ ಸಿಟ್ಟಿನ ಬಗ್ಗೆ ಹೇಳುತ್ತೇನೆ. ಕಾಂಟ್ರಾಕ್ಟರ್ ಮೇಲೆ ನಿಮಗೆ ಬರಬೇಕಾದ ಸಿಟ್ಟು ನ್ಯಾಯವಾದ ಸಿಟ್ಟು. ಅದನ್ನು ಉಸಿರಾಟದಲ್ಲಿ ಕರಗಿಸಬೇಡಿ, ಅದರ ಕೆಲಸ ಅದು ಮಾಡಲಿ. ಕೂಗುವುದು ಬೇಡ. ಹೊಸ ಉದ್ರಿ ನಿಲ್ಲಿಸಿ. 'ಸರ್, ಹಳೇದು ಸ್ವಲ್ಪ ಬಂದ ಮೇಲೆ ಹೊಸದು ಬರ್ಕೋತೀನಿ' ಅಂತ ಒಂದು ಸಲ ಹೇಳಿ ನೋಡಿ. ನಮ್ಮ ನಾಲಿಗೆ ತಿರುಗುವುದಿಲ್ಲ, ಗೊತ್ತು. ನಾನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಬಾಕಿ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತಾರೀಕು ಹಾಕಿ ಅವರ ಸಹಿ ತೆಗೆದುಕೊಳ್ಳಿ. ಉದ್ರಿ ಬಾಕಿಗೆ ಕೋರ್ಟಿಗೆ ಹೋಗಲು 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಸಮಯ. ಆ ಅವಧಿ ಮುಗಿಯುವ ಮೊದಲು ಬಾಕಿ ಒಪ್ಪಿ ಸಹಿ ಹಾಕಿದರೆ ಸಹಿ ಮಾಡಿದ ದಿನದಿಂದ ಮತ್ತೆ ಎಣಿಕೆ ಶುರುವಾಗುತ್ತದೆ. ನಿಮಗೆ ಹದಿನಾಲ್ಕು ತಿಂಗಳು ಹೋಗಿದೆ. ಕೊಡಬೇಕಾದವರನ್ನು ಕೇಳದೇ ಇದ್ದರೆ ಆ ಸಿಟ್ಟು ಕೇಳಬಾರದವರನ್ನು ಕೇಳುತ್ತದೆ. ನನ್ನ ಮನೆಯಲ್ಲೂ ಆಗಿದ್ದು ಅದೇ.

ಪೈಪಂಗಡಿ (ಐದು ವಾರದ ನಂತರ)

ಎಲ್ಲರ ಉತ್ತರವನ್ನೂ ಅವತ್ತೇ ಓದಿದ್ದೆ. ಏನಾದರೂ ಮಾಡಿದ ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ.

ಮೇಡಂ ಹೇಳಿದ ಪುಸ್ತಕ ಬರೆದೆ. ಎರಡು ವಾರದಲ್ಲಿ ಹನ್ನೊಂದು ಸಲ ಸಿಟ್ಟು. ಅದರಲ್ಲಿ ಒಂಬತ್ತು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಒಳಗೆ. ಏಳು ಸಲ ಮಧ್ಯಾಹ್ನದ ಊಟದ ನಂತರ ಚಹಾ ಬಿಟ್ಟು ಏನೂ ತಿಂದಿರಲಿಲ್ಲ. ಕಣ್ಣಿಗೆ ಕಂಡಾಗ ನಾಚಿಕೆಯಾಯಿತು, ಸ್ವಲ್ಪ ಧೈರ್ಯವೂ ಬಂತು. ಈಗ ಏಳು ಗಂಟೆಗೆ ಅಂಗಡಿಯಲ್ಲೇ ಎರಡು ಬಾಳೆಹಣ್ಣು ತಿನ್ನುತ್ತೇನೆ. ಶಟರ್ ಎಳೆದ ಮೇಲೆ ಒಳಗಿನ ಸ್ಟೂಲ್ ಮೇಲೆ ಹದಿನೈದು ನಿಮಿಷ ಕೂರುತ್ತೇನೆ. ನನ್ನ ಮೈಯ ಗುರುತು ದವಡೆ. ಅದು ಬಿಗಿಯಾಗುತ್ತದೆ ಅಂತ ನನಗೆ 41 ವರ್ಷ ಗೊತ್ತೇ ಇರಲಿಲ್ಲ.

ಥೈರಾಯ್ಡ್, ಶುಗರ್ ಸರಿ ಇವೆ. ಬಿಪಿ 150/96 ಇತ್ತು. ಉಪ್ಪು ಕಡಿಮೆ ಮಾಡಿ, ನಡೆಯಿರಿ, ಮತ್ತೆ ನೋಡೋಣ ಅಂದಿದ್ದಾರೆ ಡಾಕ್ಟರ್. ಕಾಂಟ್ರಾಕ್ಟರ್‌ಗೆ ಹೊಸ ಉದ್ರಿ ಇಲ್ಲ ಅಂದೆ. ಮುಖ ದಪ್ಪ ಮಾಡಿಕೊಂಡು ಹೋದರು. ಹತ್ತು ದಿನ ಬಿಟ್ಟು 40,000 ಕೊಟ್ಟು, ಉಳಿದದ್ದಕ್ಕೆ ಸಹಿ ಹಾಕಿದರು.

ಒಂದು ಸಲ ತಪ್ಪಿದೆ. ಭಾನುವಾರ, ಮಗಳು ಬಿಲ್ ಪುಸ್ತಕದ ಮೇಲೆ ನೀರು ಚೆಲ್ಲಿದಳು. ಜೋರಾಗಿಯೇ ಕೂಗಿದೆ. ಕೈ ಎತ್ತಲಿಲ್ಲ. ಅರ್ಧ ಗಂಟೆಯಲ್ಲಿ ಅವಳ ಹತ್ತಿರ ಹೋಗಿ ತಪ್ಪು ನನ್ನದು ಅಂದೆ. ಅವಳು 'ನೀರು ನಂದು' ಅಂದಳು.

ಹರಿಹರದ ತಂಗಿ, ಹೆಂಡತಿ ಏನು ಹೇಳುತ್ತಾಳೆ ಅಂತ ಕೇಳಿದಿರಿ. ಕೇಳಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಎಂಟೂವರೆ ಒಳಗೆ ಹೋಮ್‌ವರ್ಕು, ಊಟ, ಸ್ಕೂಲ್ ಬ್ಯಾಗು ಎಲ್ಲ ಮುಗಿಸ್ಬೇಕು ಅಂತ ಆರು ಗಂಟೆಯಿಂದ ಓಡಾಡ್ತೀನಿ. ನೀವು ಬಂದಾಗ ಕೈಗೆ ಸಿಗೋ ಹಾಗೆ ಏನೂ ಇರಬಾರ್ದು ಅಂತ. ವರ್ಷಗಳಿಂದ ಮಾಡ್ತಿದೀನಿ' ಅಂದಳು. ಆ ಗುರುವಾರ ಅವಳಿಗೆ ಜ್ವರ ಇತ್ತು. ಅದಕ್ಕೇ ಹೋಮ್‌ವರ್ಕ್ ಉಳಿದಿತ್ತು. ಅವಳಿಗೆ ಜ್ವರ ಇದ್ದದ್ದು ನನಗೆ ಈಗ ಗೊತ್ತಾಗಿದ್ದು.

ಮಗನ ಜೊತೆ ತಾರಸಿ ಮೇಲೆ ಕೂತು ಮಾತಾಡಿದೆ. ನೀವು ಹೇಳಿದ ಹಾಗೆ, ಬಾಲ ಇಲ್ಲದೆ. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ಟೀಚರ್ ಕೇಳಿದ್ರು, ತಂಗಿ ಹರಿದ್ಲು ಅಂದೆ' ಅಂದ.

ಮಾರನೇ ದಿನ ಶಾಲೆಗೆ ಹೋಗಿ ಟೀಚರ್‌ಗೆ ಹೇಳಿದೆ, ಹರಿದದ್ದು ನಾನು ಅಂತ. ಮಗ ಪಕ್ಕದಲ್ಲೇ ನಿಂತಿದ್ದ. ಹೊಸ ನೋಟ್‌ಬುಕ್ ಕೊಡಿಸುತ್ತೇನೆ ಅಂದೆ. ಅವರು ಪುಸ್ತಕ ತಿರುವಿ ನೋಡಿ, ಇದರಲ್ಲಿ ಇನ್ನೂ ಹಾಳೆ ಇದೆ, ಇದನ್ನೇ ಮುಗಿಸಲಿ ಅಂದರು.

ರಾತ್ರಿ ಬಸ್ಸು

ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತು ಬಂದೆ ತಮ್ಮಾ. ಹುಡುಗನಿಗೆ ಭಾಗಾಕಾರ ಬಂತಾ?

ಪೈಪಂಗಡಿ

612 ಬಂತು. ನಿನ್ನೆ 1824ನ್ನು 6ರಿಂದ ಭಾಗಿಸುತ್ತಿದ್ದ. 3 ಬರೆದ, 2 ಇಳಿಸಿಕೊಂಡ, ಅಲ್ಲಿಗೆ ನಿಂತು ನನ್ನ ಮುಖ ನೋಡಿದ. ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಸೊನ್ನೆ ಹಾಕಿದ್ದ.